ಒಂದು ನೇರ, ಒಂದು ತಿರುವು

"ಕುದುರೆ ಕೂದಲಿಗೆ ಹಲ್ಲೂ ಇಲ್ಲ, ಗರಗಸವೂ ಇಲ್ಲ. ಚಿಪ್ಪಿದೆ ನೋಡು, ಮೀನಿನ ಮೈಮೇಲೆ ಇರುತ್ತಲ್ಲ, ಹಾಗೆ," ಎಂದ ಲ್ಯಾಬಣ್ಣ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಮೈಕ್ರೋಸ್ಕೋಪಿನ ಕೊಳವೆಗೆ ಒತ್ತಿಕೊಂಡೇ.

ಎದುರು ಮನೆಯ ಸೊಸೆ ಅವನನ್ನು ಸರಿಸಿ ಸ್ಟೂಲಿನ ಅಂಚಿಗೆ ಕೂತು ಕಣ್ಣಿಟ್ಟಳು. ಬೆಳ್ಳನೆಯ ಬೆಳಕಿನಲ್ಲಿ ಕಪ್ಪಗೆ, ದಪ್ಪಗೆ, ಕಂಬಳಿಹುಳುವಿನ ಕಾಲಿನಂಥದ್ದೇನೋ ಅಲುಗಾಡಿತು. ಕಂಡಿತು ಎಂದಳು. ಅದು ನಿನ್ನ ರೆಪ್ಪೆ ತಂಗಿ, ಕುದುರೆಯದ್ದಲ್ಲ ಎಂದ. ಎರಡನೇ ಸಲ ದುಂಡನೆಯ ಉಂಗುರ ಕಂಡಿತು, ಅದು ಗಾಳಿಗುಳ್ಳೆಯಂತೆ. ಗಾಜನ್ನು ಎಡಕ್ಕೆ ತಳ್ಳಿದರೆ ಒಳಗಿನದು ಬಲಕ್ಕೆ ಓಡುತ್ತಿತ್ತು, ತಿರುಗಣೆ ಚೂರು ಹೆಚ್ಚು ತಿರುಗಿಸಿದರೆ ಎಲ್ಲ ಹಾಲಿನಲ್ಲಿ ಅದ್ದಿದ ಹಾಗಾಗುತ್ತಿತ್ತು. ಇದೂ ನಮ್ಮ ಮಾವನ ಜಾತಿಯದೇ, ಹೇಳಿದ್ದಕ್ಕೆ ತದ್ವಿರುದ್ಧ ಮಾಡುತ್ತದೆ ಎಂದು ಅವಳು ಗೊಣಗಿದಳು. ಆಮೇಲೆ ಒಮ್ಮೆಲೇ ಕಂಡಿತು. ಒಂದರ ಮೇಲೊಂದು ಮಲಗಿಸಿದ ತೆಳ್ಳನೆಯ ಹೆಂಚುಗಳು. ಹೆಂಚುಗಳ ಅಂಚೆಲ್ಲ ಒಂದೇ ಕಡೆಗೆ.

ಲ್ಯಾಬಣ್ಣ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದವನು. ಕೆಲಸ ಬಿಡುವ ದಿನ ಗಡಿಯಾರ ಕೊಡುತ್ತೇವೆ ಎಂದರೆ ಬೇಡವೆಂದು, ಬೀರುವಿನ ಮೇಲೆ ಧೂಳು ಹಿಡಿದು ಬಿದ್ದಿದ್ದ ಹಳೆಯ ಮೈಕ್ರೋಸ್ಕೋಪನ್ನು ಕೇಳಿ ಹೊತ್ತು ತಂದಿದ್ದ. ಅವನ ಮನೆ ಇವಳ ಮನೆಗೆ ಎದುರೇ, ನಡುವೆ ಮೆಟ್ಟಿಲು ಮಾತ್ರ. ಮೊದಲ ತಿಂಗಳು ಮನೆಯಲ್ಲಿದ್ದ ಒಂದೊಂದನ್ನೂ ಅದರ ಕೆಳಗಿಟ್ಟು ನೋಡಿದ. ಉಪ್ಪಿನ ಹರಳು ಅಳತೆ ಹಿಡಿದು ಕೊಯ್ದ ಪೆಟ್ಟಿಗೆಯ ಹಾಗೆ, ಸೂಜಿಯ ಮೊನೆ ಹೆಬ್ಬೆರಳಿನ ಹಾಗೆ. ನಲವತ್ತು ವರ್ಷ ಯಾವ ಬ್ಲೇಡಿನಲ್ಲಿ ಮುಖ ಕೆರೆದುಕೊಂಡಿದ್ದನೋ ಅದರ ಅಂಚು ಬಿದ್ದುಹೋದ ಗೋಡೆಯ ತಲೆಯ ಹಾಗೆ ಕಂಡಿತು; ಅಂದಿನಿಂದ ಗಡ್ಡ ಬಿಟ್ಟ. ಹಿಟ್ಟಿನ ಜರಡಿಯಲ್ಲಿ ಅವನು ಏನು ಕಂಡನೋ, ಕಂಡದ್ದನ್ನು ಊಟದ ಹೊತ್ತಿಗೆ ಹೇಳಿದ್ದಕ್ಕೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ತಡೆದಳು. ಆಮೇಲೆ ಇವಳ ಕಡೆ ತಿರುಗಿದ. ನಿಮ್ಮಲ್ಲಿ ಏನೇನಿದೆ ಕೊಡು ತಂಗಿ ಎಂದ. ಅವಳು ಪಿಟೀಲಿನ ಹಳೆಯ ತಂತಿ ಕೊಟ್ಟಳು, ಅದು ಬಾವಿ ಹಗ್ಗದ ಹಾಗೆ ಕಂಡಿತು. ಕಮಾನಿಗೆ ಸವರುವ ರಾಳದ ಪುಡಿ ಒಡೆದ ಸೀಸೆಯ ಚೂರುಗಳ ಹಾಗಿತ್ತು. ತಂತಿಗಳನ್ನು ಎತ್ತಿಹಿಡಿಯುವ, ಕುದುರೆ ಎಂದು ಕರೆಯುವ ಮರದ ಬಿಲ್ಲೆಯ ಸೀಳಿನಲ್ಲಿ ಕೊಳೆ, ಕೊಳೆಯಲ್ಲಿ ಯಾವುದೋ ಹುಳದ ಒಂಟಿ ಕಾಲು. ಸಂಗೀತ ಸಂಗೀತ ಅಂತೀರಲ್ಲ, ಒಳಗೆ ಬರೀ ಅಂಟು ಮತ್ತು ಕೊಳೆ ಎಂದು ಅವನು ನಕ್ಕ. ಅವಳು ನಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಕೂದಲು.

ಪಿಟೀಲಿನ ಕಮಾನಿಗೆ ಕೂದಲು ಕಟ್ಟುವುದು ಅವಳ ಮನೆಯ ಕೆಲಸ. ಮುಂದಿನ ಕೋಣೆಯೇ ಅಂಗಡಿ: ಕಿಟಕಿಯ ಕೆಳಗೆ ಉದ್ದನೆಯ ಮರದ ಮೇಜು, ಗೋಡೆಯ ಮೊಳೆಗಳಿಗೆ ಬೋಳು ಕಮಾನುಗಳು, ಮೂಲೆಯಲ್ಲಿ ಬ್ರಷ್ ಕಾರ್ಖಾನೆಯಿಂದ ಚೀಲದಲ್ಲಿ ಬಂದ ಕುದುರೆ ಬಾಲದ ಕೂದಲು. ಮಾವನನ್ನು ಪಿಟೀಲು ನುಡಿಸುವವರೆಲ್ಲ ಕಮಾನಜ್ಜ ಎಂದು ಕರೆಯುತ್ತಿದ್ದರು. ಮದುವೆಯಾಗಿ ಬಂದ ವರ್ಷವೇ ಅವಳು ಅವರ ಎದುರು ಕೂತವಳು. ಈಗ ಹದಿನಾಲ್ಕು ವರ್ಷ. ಗಂಡನಿಗೆ ಈ ಕೆಲಸ ಹತ್ತಲಿಲ್ಲ, ಬಸ್ಸಿನ ಕಂಡಕ್ಟರಾದ. ನಮ್ಮಪ್ಪನಿಗೆ ಮಗ ಹುಟ್ಟಿದ್ದು ಸುಮ್ಮನೆ, ಸೊಸೆ ತರೋಕೆ ಒಂದು ನೆಪ ಎಂದು ಆಗಾಗ ಹೇಳುತ್ತಿದ್ದ.

ಮಾವನ ಸಿದ್ಧಾಂತ ಒಂದೇ. ಕುದುರೆ ಕೂದಲಿಗೆ ಹಲ್ಲಿದೆ. ಹಲ್ಲು ಬುಡದಿಂದ ತುದಿಯ ಕಡೆ ಬಾಗಿರುತ್ತದೆ. ಎಲ್ಲ ಕೂದಲನ್ನೂ ಒಂದೇ ದಿಕ್ಕಿಗೆ ಕಟ್ಟಿದರೆ ಕಮಾನು ಎಳೆಯುವಾಗ ತಂತಿಯನ್ನು ಕಚ್ಚುತ್ತದೆ, ತಳ್ಳುವಾಗ ಜಾರುತ್ತದೆ. ಹಾಗಾಗಿ ಅರ್ಧ ಹಾಗೆ, ಅರ್ಧ ಹೀಗೆ ಇರಬೇಕು. ಚೀಲದ ಕೂದಲಿನಲ್ಲಿ ಬುಡ ಯಾವುದು ತುದಿ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮಾವ ಒಂದೊಂದನ್ನೇ ಎತ್ತಿ ತುಟಿಗಳ ನಡುವೆ ಎಳೆದು ನೋಡುತ್ತಿದ್ದರು. ನುಣುಪು ಬಂದರೆ ಒಂದು ಕಡೆ, ತರಿ ಬಂದರೆ ತಿರುಗಿಸಿ ಇಡು. ಕಟ್ಟುಹಲ್ಲು ಹಾಕಿಕೊಂಡರೆ ತುಟಿ ಬಿಗಿಯುತ್ತದೆ, ತಿಳಿಯುವುದಿಲ್ಲ ಎಂದು ಕೂರುವ ಮೊದಲು ಹಲ್ಲಿನ ಸೆಟ್ಟನ್ನು ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕುತ್ತಿದ್ದರು. ಬೆಳಿಗ್ಗೆ ಆ ಟಣ್ ಸದ್ದು ಕೇಳಿದರೆ ಅಂಗಡಿ ತೆರೆಯಿತು ಎಂದರ್ಥ. ಬುಡವೆಲ್ಲ ಬಲಕ್ಕೆ ಬರುವಂತೆ ಒದ್ದೆ ಬಟ್ಟೆಯ ಮೇಲೆ ಅವರು ಜೋಡಿಸಿಟ್ಟ ಕೂದಲನ್ನು ಅವಳು ಒಂದೊಂದಾಗಿ ಎತ್ತಿಕೊಳ್ಳಬೇಕು: ಒಂದು ನೇರ, ಒಂದು ತಿರುವು, ಒಂದು ನೇರ, ಒಂದು ತಿರುವು. ಒಂದು ಕಮಾನಿಗೆ ನೂರೈವತ್ತು. ಆಮೇಲೆ ಬಾಚಿ, ದಾರ ಸುತ್ತಿ, ಮರದ ಬೆಣೆ ಹೊಡೆದು ಬಿಗಿಯುವುದು ಗಂಟೆಯ ಕೆಲಸ. ಆದರೆ ಆ ತುಟಿಯ ಕೆಲಸಕ್ಕೆ ದಿನವೇ ಬೇಕು.

ದಿನವೇ ಈಗ ಇರಲಿಲ್ಲ. ಸಂಗೀತ ಶಾಲೆಯ ಮೇಷ್ಟ್ರು ನಲವತ್ತು ಕಮಾನು ತಂದು ಹಾಕಿ, ಶಾಲೆ ತೆರೆಯುವುದರೊಳಗೆ ಬೇಕು ಎಂದಿದ್ದರು. ಇಪ್ಪತ್ತನಾಲ್ಕು ದಿನ. ಆಗದಿದ್ದರೆ ಈಗಲೇ ಹೇಳಿ, ಕಾರ್ಖಾನೆಯಲ್ಲಿ ಯಂತ್ರದಲ್ಲಿ ಕಟ್ಟಿ ಕೊಡುತ್ತಾರೆ, ವರ್ಷ ವರ್ಷವೂ ಅಲ್ಲಿಗೇ ಕೊಡುತ್ತೇವೆ ಎಂದೂ ಹೇಳಿದ್ದರು. ಒಂಬತ್ತು ದಿನ ಕಳೆದು ಏಳು ಕಮಾನು ಆಗಿತ್ತು. ಆ ಶಾಲೆ ಕೈಬಿಟ್ಟರೆ ಮೇಜಿನ ಮೇಲೆ ಕಟ್ಟಲು ಏನೂ ಉಳಿಯದು ಎಂದು ಅವಳಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಆದರೂ ಅವರು ಕೂದಲನ್ನು ತುಟಿಗೆ ತಂದು, ಕಣ್ಣು ಮುಚ್ಚಿ, ಯಾರದೋ ಮಾತು ಕೇಳುವವರ ಹಾಗೆ ತಲೆ ಓರೆ ಮಾಡಿ ಎಳೆಯುತ್ತಿದ್ದರು. ಎದುರು ಖಾಲಿ ಕೈಯಲ್ಲಿ ಕೂತು ಮುಂದಿನ ಕೂದಲಿಗೆ ಕಾಯುವಾಗ ಅವಳ ಕಾಲ ಬೆರಳುಗಳು ಮೇಜಿನ ಕೆಳಗೆ ತಾವಾಗೇ ಮಡಚಿಕೊಳ್ಳುತ್ತಿದ್ದವು.

ಕಲಸಿ ಕಟ್ಟಿದರೂ ಅರ್ಧ ಹಾಗೆ, ಅರ್ಧ ಹೀಗೆ ತಾನಾಗೇ ಬರುತ್ತದಲ್ಲ ಮಾವ ಎಂದು ಅವಳು ಹೇಳಿ ನೋಡಿದ್ದಳು. ಅದು ಬಂದರೆ ಬಂತು, ಬರದಿದ್ದರೆ ಇಲ್ಲ. ಕೆಲಸ ಅಂದರೆ ಬರೋದಲ್ಲ, ತರೋದು ಎಂದಿದ್ದರು. ಅದಕ್ಕಿಂತ ದೊಡ್ಡ ಅನುಮಾನ ಬೇರೆ ಇತ್ತು. ಎಪ್ಪತ್ತೆಂಟು ವರ್ಷದ ತುಟಿ. ಕಳೆದ ತಿಂಗಳು ಅವರು ಕುದಿಯುತ್ತಿದ್ದ ಟೀ ಕುಡಿದು ಕೆಳತುಟಿ ಬೊಬ್ಬೆ ಬಂದಿತ್ತು. ಸಂಜೆ ಕನ್ನಡಿ ನೋಡುವವರೆಗೆ ಅವರಿಗೆ ಗೊತ್ತಾಗಿರಲಿಲ್ಲ. ಹತ್ತನೇ ದಿನ, ಎರಡು ಗಂಟೆ ಕಾದು ಮೂವತ್ತು ಕೂದಲು ಸಿಕ್ಕಾಗ, ಅವಳ ಬಾಯಿ ತಪ್ಪಿತು.

"ಕುದಿಯೋ ಟೀನೇ ತಿಳಿಯದ ತುಟಿಗೆ ಕೂದಲಿನ ಹಲ್ಲು ತಿಳಿಯುತ್ತಾ ಮಾವ?"

ಮಾವ ಕೈಯಲ್ಲಿದ್ದ ಕೂದಲನ್ನು ಬಟ್ಟೆಯ ಮೇಲಿಟ್ಟರು. ಸಿಟ್ಟು ಮಾಡಲಿಲ್ಲ. ಎದುರು ಮನೆಯವನ ಹತ್ತಿರ ಏನೋ ಯಂತ್ರ ಇದೆಯಂತಲ್ಲ, ಅದರಲ್ಲಿ ಕಾಣುತ್ತಂತಾ ಎಂದು ಕೇಳಿದರು. ಕಾಣುತ್ತೆ ಎಂದಳು. ಹಾಗಾದರೆ ನಾನು ಇಪ್ಪತ್ತು ಕೂದಲು ಆರಿಸಿ ಕೊಡ್ತೀನಿ, ಬುಡವೆಲ್ಲ ಒಂದೇ ಕಡೆ. ಎರಡರ ಮೇಲೆ ಒಂದು ತಪ್ಪಿದ್ದರೂ ಈ ಸ್ಟೂಲು ಬಿಟ್ಟು ಏಳ್ತೀನಿ, ನಿನಗೆ ಬೇಕಾದ ಹಾಗೆ ಕಟ್ಟಿಕೋ. ತಪ್ಪಿರದಿದ್ದರೆ ನಾನಿರುವವರೆಗೆ ನನ್ನ ತುಟಿ ಮುಟ್ಟದ ಕೂದಲು ಈ ಮನೆಯ ಕಮಾನಿಗೆ ಹತ್ತಬಾರದು. ಇಷ್ಟು ಹೇಳಿ ಅವರು ಮತ್ತೆ ಕಣ್ಣು ಮುಚ್ಚಿದರು.

ಭಾನುವಾರ ಬೆಳಿಗ್ಗೆ ಲ್ಯಾಬಣ್ಣ ಮೈಕ್ರೋಸ್ಕೋಪನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬಂದ. ಜೇಬಿನಲ್ಲಿ ಅವನ ಮಗಳ ಬಣ್ಣವಿಲ್ಲದ ಉಗುರುಬಣ್ಣದ ಸೀಸೆ. ಬರೀ ಕೂದಲಿಟ್ಟರೆ ಚಿಪ್ಪು ಸ್ಪಷ್ಟವಾಗಿ ಕಾಣುವುದಿಲ್ಲ, ಗಾಜಿನ ಪಟ್ಟಿಗೆ ಉಗುರುಬಣ್ಣ ಸವರಿ, ಅರೆ ಒಣಗಿದಾಗ ಕೂದಲನ್ನು ಒತ್ತಿ ತೆಗೆದರೆ ಅಚ್ಚು ಬೀಳುತ್ತದೆ, ಆ ಅಚ್ಚನ್ನು ನೋಡಬೇಕು ಎಂದ. ಒಣಗಿಬಿಟ್ಟರೆ ಕೂರುವುದಿಲ್ಲ, ಹಸಿ ಇದ್ದರೆ ಮುಳುಗುತ್ತದೆ. ನಡುವೆ ಎಣಿಸಿ ಅರ್ಧ ನಿಮಿಷ. ಮಾವ ತಮ್ಮ ಇಪ್ಪತ್ತು ಕೂದಲನ್ನು ಒದ್ದೆ ಬಟ್ಟೆಯ ಮೇಲೆ, ಬುಡ ಬಲಕ್ಕೆ, ಬಾಚಿದ ತಲೆಯ ಹಾಗೆ ಮಲಗಿಸಿ, ತಾವು ನೋಡುತ್ತ ಕೂತರೆ ಅವಳ ಕೈ ತಡೆದ ಹಾಗಾದೀತು ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತರು. ಹಲ್ಲಿನ ಸೆಟ್ಟು ಲೋಟದಲ್ಲೇ ಇತ್ತು.

ಲ್ಯಾಬಣ್ಣ ಸವರಿದ, ನಂಬರು ಹಾಕಿದ ಚೀಟಿಯನ್ನು ಗಾಜಿನ ಬಲತುದಿಗೆ ಅಂಟಿಸಿದ, ಹೂಂ ಎಂದ. ಅವಳು ಕೂದಲಿನ ಎರಡು ತುದಿ ಹಿಡಿದು, ಗಾಜಿನ ಮೇಲೆ ಅಡ್ಡ ಬಿಗಿದು, ಒತ್ತಿ, ಎತ್ತಿದಳು. ಹೂಂ, ಮುಂದಿನದು. ಬಿಗಿದಳು, ಒತ್ತಿದಳು, ಎತ್ತಿದಳು. ಬೇಗ ತಂಗಿ, ಒಣಗ್ತಾ ಇದೆ. ಎರಡನೆಯದಕ್ಕೇ ಅವಳ ಕೈ ಓಟ ಹಿಡಿದಿತ್ತು. ಯೋಚನೆ ಬಿಟ್ಟು ಕೈಯನ್ನೇ ಬಿಟ್ಟುಕೊಟ್ಟಳು. ಹತ್ತು ನಿಮಿಷದಲ್ಲಿ ಇಪ್ಪತ್ತೂ ಮುಗಿಯಿತು. ಮುಗಿದಾಗ ಅವಳ ಕುತ್ತಿಗೆ ಬೆವೆತಿತ್ತು.

ನೋಡಲು ಕೂತಾಗ ಲ್ಯಾಬಣ್ಣ ತಡೆದ. ಸಾಲಾಗಿ ನೋಡಬಾರದು, ಮನಸ್ಸು ಮುಂಚೇನೇ ತೀರ್ಪು ಕೊಟ್ಟುಬಿಡುತ್ತೆ, ನಮ್ಮ ಪ್ರೊಫೆಸರು ಯಾವಾಗಲೂ ಕಲಸಿ ನೋಡಿ ಅಂತಿದ್ದರು ಎಂದ. ಗಾಜುಗಳನ್ನು ಇಸ್ಪೀಟಿನೆಲೆಯ ಹಾಗೆ ಕಲಸಿದ. ಚೀಟಿ ಬಲಕ್ಕೇ ಬರುವಂತೆ ಒಂದೊಂದನ್ನೇ ಕೆಳಗಿಟ್ಟ, ಅವಳು ಕಣ್ಣಿಟ್ಟು ಹೆಂಚಿನ ಅಂಚು ಯಾವ ಕಡೆಗೆಂದು ಹೇಳಿದಳು, ಅವನು ಹಾಳೆಯ ಮೇಲೆ ಎಡ, ಬಲ ಎಂದು ಎರಡು ಸಾಲು ಮಾಡಿ ಗಾಜಿನ ನಂಬರು ಬರೆದುಕೊಂಡ. ಎಡ. ಬಲ. ಬಲ. ಎಡ. ಎಡ. ಬಲ. ಐದಾರು ಆಗುವಷ್ಟರಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಬೆನ್ನು ಸ್ವಲ್ಪ ಬಾಗಿತು. ಅವಳಿಗೆ ಮುಂದೆ ನೋಡಲು ಮನಸ್ಸಿರಲಿಲ್ಲ. ಆದರೂ ಇಪ್ಪತ್ತೂ ನೋಡಿದಳು, ಅನುಮಾನ ಬಂದಲ್ಲಿ ಎರಡೆರಡು ಸಲ ನೋಡಿದಳು. ಸಾಲುಗಳಲ್ಲಿದ್ದದ್ದನ್ನು ಲ್ಯಾಬಣ್ಣ ಪೆನ್ಸಿಲಿನಿಂದ ಕುಟ್ಟುತ್ತ ಎಣಿಸಿದ. ಹತ್ತು, ಹತ್ತು.

"ಕಣ್ಣು ಮುಚ್ಚಿ ಎತ್ತಿಹಾಕಿದ್ರೂ ಇಷ್ಟೇ ಬರೋದು," ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಾವ ತಿರುಗಿದರು. ಹತ್ತಾ ಎಂದು ಒಂದೇ ಸಲ ಕೇಳಿದರು. ಮೈಕ್ರೋಸ್ಕೋಪಿನ ಹತ್ತಿರ ಬಂದು ಅದರ ಕೊಳವೆಯನ್ನು, ದೊಡ್ಡ ಡಾಕ್ಟರರ ಮುಂದೆ ನಿಂತವರ ಹಾಗೆ ನೋಡಿದರು. ಕಣ್ಣಿಡಲಿಲ್ಲ. ಲೋಟದಿಂದ ಹಲ್ಲು ತೆಗೆದು ಹಾಕಿಕೊಂಡು, ಲೋಟ ತೊಳೆದು, ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿ ಬಂದರು. ಕಟ್ಟಿಕೊಳ್ಳಮ್ಮ, ಇನ್ನು ತಡ ಮಾಡಬೇಡ ಎಂದರು.

ಅವಳು ಕಟ್ಟಿದಳು. ಚೀಲದಿಂದ ಹಿಡಿ ಹಿಡಿ ತೆಗೆದು, ತೊಳೆದು, ಬಾಚಿ, ಆರಿಸದೆ ಕಟ್ಟಿದಳು. ದಿನಕ್ಕೆ ಮೂರು. ಲ್ಯಾಬಣ್ಣ ಬರೆದ ಹಾಳೆಯನ್ನು ಮೇಜಿನ ಎದುರಿನ ಮೊಳೆಗೆ ಸಿಕ್ಕಿಸಿದ್ದಳು. ಸಾಕ್ಷಿ ಇರಲಿ, ನಾಳೆ ಮಾವ ಮನಸ್ಸು ಬದಲಿಸಿದರೆ ತೋರಿಸಲು. ಅವರು ಬದಲಿಸಲಿಲ್ಲ. ನಾಲ್ಕನೇ ದಿನ ಮೇಷ್ಟ್ರು ಬಂದು ಹೊಸದಾಗಿ ಕಟ್ಟಿದ ಹನ್ನೆರಡನ್ನು ಅಲ್ಲೇ ಪಿಟೀಲಿನ ಮೇಲೆ ಎಳೆದು, ತಳ್ಳಿ ನೋಡಿ, ಅಜ್ಜನ ಕೈ ಅಜ್ಜನ ಕೈಯೇ ಎಂದು ಹೊತ್ತೊಯ್ದರು. ಅಜ್ಜ ಒಳಗೆ ಮಂಚದ ಮೇಲೆ ಕೂತು ಇದನ್ನು ಕೇಳಿಸಿಕೊಂಡರು.

ಗೆದ್ದವಳಿಗೆ ನಿದ್ದೆ ಬರಬೇಕಿತ್ತು. ಬರುತ್ತಿದ್ದದ್ದು ಸಿಟ್ಟು. ಯಾಕೆಂದರೆ ಮಾವ ಈಗ ಎಲ್ಲದಕ್ಕೂ ಇನ್ನೊಬ್ಬರನ್ನು ಕೇಳತೊಡಗಿದ್ದರು. ಊಟಕ್ಕೆ ಕೂತು ತಟ್ಟೆಯ ಮುಂದೆ ಕೈ ಕಟ್ಟಿಕೊಂಡು, ಉಪ್ಪು ಹಾಕಿದ್ದೀಯೇನೋ ಎಂದು ಮಗನನ್ನು ಕೇಳುವುದು. ಸರಿಯಾಗಿದೆಯಪ್ಪ ಎಂದು ಅವನು ತಿಂದು ತೋರಿಸಿದ ಮೇಲೆ ತಾವು ತಿನ್ನುವುದು. ಹಾಲು ಮೂಸಿ ನೋಡಿ, ಹುಳಿಯಾಗಿದೆಯಾ ನೋಡಮ್ಮ ಎಂದು ಲೋಟವನ್ನು ಅವಳ ಮೂಗಿನ ಹತ್ತಿರ ಹಿಡಿಯುವುದು. ಈ ಸೋಪು ಜಾರುತ್ತಾ, ನೀರು ಬಿಸಿ ಇದೆಯಾ, ಈ ಅಂಗಿ ಒಣಗಿದೆಯಾ. ಒಮ್ಮೆ ಅಂಗಿಯ ತೋಳನ್ನು ತುಟಿಯ ಹತ್ತಿರ ತಂದು, ನೆನಪಾಗಿ ಕೈ ಇಳಿಸಿದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ನಾನು ಕೂದಲಿನ ವಿಷಯ ಮಾತ್ರ ಅಂದದ್ದು, ಇವರು ನಾಟಕ ಮಾಡುತ್ತಿದ್ದಾರೆ ಎಂದು ಗಂಡನ ಮೇಲೆ ಹರಿಹಾಯ್ದಳು. ಟಿಕೆಟು ತಪ್ಪು ಹರಿದೆ ಅಂತ ಒಬ್ಬ ಹೇಳಿದರೆ ನಾನೂ ಆಮೇಲೆ ಹತ್ತು ಜನರ ಚಿಲ್ಲರೆ ಎರಡೆರಡು ಸಲ ಎಣಿಸ್ತೀನಿ ಎಂದ ಅವನು, ಅಷ್ಟೇ.

ಏಳನೇ ದಿನ ಬೆಳಿಗ್ಗೆ ಇಪ್ಪತ್ತಾರನೇ ಕಮಾನಿಗೆ ಕೂತಿದ್ದಳು. ಹದಿನೈದು ಬಾಕಿ, ಆರು ದಿನ. ಕುಂಟುತ್ತ ಮಾಡಿದರೂ ಮುಗಿಯುವ ಕೆಲಸ. ಎರಡನೇ ಸಲ ಬಾಚುವ ಮುನ್ನ ತುಂಡಾದ ಕೂದಲನ್ನು ತೆಗೆಯಲು ಒಂದೊಂದಾಗಿ ಎಣಿಸಿಕೊಳ್ಳುತ್ತಿದ್ದಾಗ ಅವಳಿಗೆ ತನ್ನ ಬಲಗೈ ಕಣ್ಣಿಗೆ ಬಿತ್ತು. ಒಂದು ಕೂದಲು ಎತ್ತಿ ಇಟ್ಟಿತು. ಇನ್ನೊಂದನ್ನು ಎತ್ತಿ, ಮಣಿಕಟ್ಟು ತಿರುಗಿಸಿ ಇಟ್ಟಿತು. ಆರಿಸದ ಕೂದಲು, ತಿರುಗಿಸಿ ಏನು ಬಂತು ಎಂದು ಅವಳಿಗೆ ರೇಗಿತು. ತಿರುಗಿಸಬಾರದು ಎಂದುಕೊಂಡು ಮುಂದಿನದನ್ನು ಎತ್ತಿದಳು. ನೇರ. ಅದರ ಮುಂದಿನದು ತಿರುಗಿಬಿಟ್ಟಿತು. ಕೈಯನ್ನು ತೊಡೆಗೆ ಒರೆಸಿಕೊಂಡು ಮತ್ತೆ ಮಾಡಿದಳು. ಬೇರೆ ಏನಾದರೂ ನೆನೆದ ಕ್ಷಣ ಅದು ತಿರುಗುತ್ತಿತ್ತು, ಹದಿನಾಲ್ಕು ವರ್ಷ ತಿರುಗಿದ ಹಾಗೆ.

ಆಗ ಅವಳಿಗೆ ಲ್ಯಾಬಣ್ಣನ ಮಾತು ನೆನಪಾಯಿತು. ಬೇಗ ತಂಗಿ, ಒಣಗ್ತಾ ಇದೆ.

ತಲೆ ಎತ್ತಿ ಮೊಳೆಯ ಮೇಲಿನ ಹಾಳೆ ನೋಡಿದಳು. ಎಡದ ಸಾಲು: ಏಳು, ಹದಿಮೂರು, ಒಂದು, ಹತ್ತೊಂಬತ್ತು, ಐದು, ಹನ್ನೊಂದು. ಬಲದ ಸಾಲು: ನಾಲ್ಕು, ಹದಿನೆಂಟು, ಹನ್ನೆರಡು, ಎರಡು, ಇಪ್ಪತ್ತು. ಉಳಿದ ನಂಬರುಗಳನ್ನು ಓದುವ ಅಗತ್ಯವಿರಲಿಲ್ಲ. ಆದರೂ ಓದಿದಳು. ಬೆಸವೆಲ್ಲ ಒಂದು ಕಡೆ, ಸಮವೆಲ್ಲ ಇನ್ನೊಂದು ಕಡೆ. ಒಂದೂ ಆಚೀಚೆ ಆಗಿರಲಿಲ್ಲ. ಮಾವ ಇಪ್ಪತ್ತನ್ನೂ ಸರಿಯಾಗಿಯೇ ಕೊಟ್ಟಿದ್ದರು. ಒಂದು ಬಿಟ್ಟು ಒಂದನ್ನು ತಿರುಗಿಸಿ ಒತ್ತಿದ್ದು ಅವಳ ಕೈ. ಏಳು ದಿನ ಈ ಹಾಳೆಯನ್ನು ಎದುರಿಗಿಟ್ಟುಕೊಂಡೇ ಅವಳು ಕೆಲಸ ಮಾಡಿದ್ದಳು.

ಹಾಳೆ ಕಿತ್ತುಕೊಂಡು ಎದುರು ಮನೆಗೆ ಹೋದಳು. ಲ್ಯಾಬಣ್ಣ ಎಲೆಯೊಂದನ್ನು ಗಾಜಿನ ಮೇಲೆ ಮಲಗಿಸುತ್ತಿದ್ದ. ಹಾಳೆ ನೋಡಿ, ಅವಳ ಮಾತು ಕೇಳಿ, ಮಂಚದ ಮೇಲೆ ಕೂತುಬಿಟ್ಟ. ಸಾಲಾಗಿ ನೋಡಿದ್ದಿದ್ದರೆ ನಾಲ್ಕನೇ ಗಾಜಿಗೇ ಗೊತ್ತಾಗುತ್ತಿತ್ತು, ಕಲಸು ಅಂದವನು ನಾನು ಎಂದು ಗಡ್ಡ ಕೆರೆದುಕೊಂಡ. ಗಾಜುಗಳನ್ನು ಮತ್ತೆ ತೆಗೆದು ಒಂದರಿಂದ ಸಾಲಾಗಿ ನೋಡಿದರು. ಎಡ, ಬಲ, ಎಡ, ಬಲ, ಗಡಿಯಾರದ ಲೋಲಕದ ಹಾಗೆ. ಎಂಟಕ್ಕೇ ನಿಲ್ಲಿಸಿದರು.

"ಒಂದು ಮಾತು ಹೇಳ್ತೀನಿ," ಎಂದ ಲ್ಯಾಬಣ್ಣ ದನಿ ತಗ್ಗಿಸಿ. "ಆರು ದಿನ ತಡ್ಕೋ. ಕಮಾನು ಕೊಟ್ಟಾದ ಮೇಲೆ ಹೇಳು. ಈಗ ಹೇಳಿದ್ರೆ ಅವರ ಕರಾರು ಇದೆಯಲ್ಲ, ತುಟಿ ಮುಟ್ಟದ ಕೂದಲು ಕಟ್ಟಬಾರದು ಅಂತ. ಅಷ್ಟನ್ನೂ ಬಿಚ್ಚು ಅಂದ್ರೆ ಏನು ಮಾಡ್ತೀಯ?"

ಅವನು ಹೇಳಿದ್ದು ಸರಿಯೇ ಇತ್ತು. ಸರಿ ಇದ್ದದ್ದಕ್ಕೇ ಅವಳಿಗೆ ಇನ್ನಷ್ಟು ರೇಗಿತು. ಬಂದು ಮೇಜಿಗೆ ಕೂತಳು. ಆರು ದಿನ, ಅಷ್ಟೇ. ಬೆಣೆ ಹೊಡೆಯುವಾಗ ಹೆಬ್ಬೆರಳಿಗೆ ಹೊಡೆದುಕೊಂಡಳು. ದಾರ ಎರಡು ಸಲ ತುಂಡಾಯಿತು. ಪ್ರತಿ ಎರಡನೇ ಕೂದಲಿಗೆ ಮಣಿಕಟ್ಟು ತಿರುಗುತ್ತಲೇ ಇತ್ತು, ಅವಳನ್ನು ಅಣಕಿಸುವ ಹಾಗೆ. ಮಧ್ಯಾಹ್ನ ಒಂದಾದರೂ ಒಂದು ಕಮಾನೂ ಮುಗಿದಿರಲಿಲ್ಲ.

ಗಂಡನಿಗೆ ಅಂದು ರಜೆ, ಅಡುಗೆ ಅವನದೇ. ಒಳಗೆ ತಟ್ಟೆಗಳ ಸದ್ದಾಯಿತು, ಬಾರೇ ಎಂದು ಕರೆದ. ಅವಳು ಏಳುವ ಮೊದಲೇ ಮಾವನ ದನಿ ಕೇಳಿತು, ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗ ಪ್ರಶ್ನೆ ಕೇಳುವಷ್ಟು ಮೆತ್ತಗೆ.

"ಬೇಳೆಗೆ ಉಪ್ಪು ಹಾಕಿದ್ದೀಯೇನೋ?"

ಅವಳು ಹಾಳೆ ಎತ್ತಿಕೊಂಡು ಒಳಗೆ ಹೋಗಿ ಅವರ ತಟ್ಟೆಯ ಪಕ್ಕದಲ್ಲಿಟ್ಟಳು. ನಿಂತೇ ಹೇಳಿದಳು. ಮೊದಲ ಸಲ ಹೇಳಿದ್ದು ಅವಳಿಗೇ ಅರ್ಥವಾಗದಷ್ಟು ಗಜಿಬಿಜಿಯಾಯಿತು; ಕೂತು ಎರಡನೇ ಸಲ ಹೇಳಿದಳು. ಮಾವ ಕನ್ನಡಕ ತರಿಸಿಕೊಂಡು ಬೆರಳಿಟ್ಟು ನಂಬರು ಓದಿದರು. ಒಂದು, ಮೂರು, ಐದು ಎಂದು ಹುಡುಕಿ ಹುಡುಕಿ ಓದಿದರು. ಗಂಡ ಸೌಟು ಹಿಡಿದುಕೊಂಡೇ ನಿಂತಿದ್ದ.

"ಹೇಗೆ ಇಟ್ಟೆ, ಮಾಡಿ ತೋರಿಸು," ಎಂದರು ಮಾವ.

ಕೈಯಲ್ಲಿ ಕೂದಲು ಇರಲಿಲ್ಲ. ಟವೆಲಿನ ಅಂಚಿನಿಂದ ಎರಡು ಎಳೆ ಕಿತ್ತು, ಒಂದನ್ನು ನೇರವಾಗಿ ಹಿಡಿದು ನೆಲದ ಮೇಲೆ ಬಿಗಿದಳು, ಇನ್ನೊಂದನ್ನು ತಿರುಗಿಸಿ ಬಿಗಿದಳು. ಮಾವ ಅವಳ ಮಣಿಕಟ್ಟನ್ನೇ ನೋಡಿದರು. ಈ ತಿರುವು ಬರೋಕೆ ನಿನಗೆ ನಾಲ್ಕು ತಿಂಗಳು ಹಿಡೀತು ಎಂದರು. ಮೊಂಡು ಕೈ, ಇದು ಕಲಿಯೋ ಕೈಯಲ್ಲ ಅಂತ ನಾನು ಇವನ ಹತ್ತಿರ ಹೇಳಿದ್ದೆ ಎಂದರು. ಹೌದು, ಹೇಳಿದ್ದರು ಎಂದ ಗಂಡ.

ಅವಳು ಉಳಿದದ್ದನ್ನೂ ಹೇಳಿದಳು. ಆಮೇಲೆ ಕಟ್ಟಿದ ಹದಿನೆಂಟು ಆರಿಸದವು, ಅದರಲ್ಲಿ ಹನ್ನೆರಡು ಶಾಲೆಗೆ ಹೋಗಿಬಿಟ್ಟಿವೆ. ಬಿಚ್ಚಲಾ ಎಂದು ಕೇಳಿದಳು. ಕೇಳುವಾಗ ಬೇಡ ಎನ್ನಲಿ ಎಂದು ಆಸೆಪಟ್ಟಳು. ಆಸೆಪಟ್ಟಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

"ಮೇಷ್ಟ್ರು ಏನಂದ್ರು?"

"ನೀವೂ ಕೇಳಿದ್ರಲ್ಲ ಮಾವ. ಚೆನ್ನಾಗಿದೆ ಅಂದ್ರು. ಎಳೆದೂ ನೋಡಿದ್ರು, ತಳ್ಳಿಯೂ ನೋಡಿದ್ರು."

ಮಾವ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ತುಟಿ ಸರಿ ಇತ್ತು ಎಂಬ ಮಾತೂ, ಆ ತುಟಿ ಇಲ್ಲದೆಯೂ ಕಮಾನು ನುಡಿಯಿತು ಎಂಬ ಮಾತೂ ಒಂದೇ ತಟ್ಟೆಯ ಪಕ್ಕ ಬಂದು ಕೂತಿದ್ದವು; ಯಾವುದನ್ನು ಮೊದಲು ಎತ್ತಿಕೊಳ್ಳುವುದೆಂದು ತಿಳಿಯದವರ ಹಾಗೆ ಅವರು ಕೂತಿದ್ದರು.

"ಹಾಗಾದ್ರೆ ಮೇಷ್ಟ್ರ ಕಿವಿಗೂ ಒಂದು ಯಂತ್ರ ತರೋಕೆ ಹೇಳು ಅವನಿಗೆ," ಎಂದರು ಕೊನೆಗೆ, ಎದುರು ಮನೆಯ ಕಡೆ ಗಲ್ಲ ತೋರಿಸಿ. ಆಮೇಲೆ ಬಾಕಿ ಎಷ್ಟು, ದಿನ ಎಷ್ಟು ಎಂದು ಕೇಳಿದರು. ಹದಿನೈದು, ಆರು ಎಂದಳು.

"ಕಟ್ಟಿದ್ದು ಬಿಚ್ಚಬೇಡ. ದಿನಕ್ಕೊಂದು, ಆರು ನಾನು ಆರಿಸಿ ಕೊಡ್ತೀನಿ. ಒಂಬತ್ತು ನೀನು ಹೇಗಾದ್ರೂ ಮಾಡ್ಕೋ, ನಾನು ಆ ಕಡೆ ನೋಡಲ್ಲ. ನನ್ನವಕ್ಕೆ ಹಿಡಿ ಹತ್ತಿರ ಒಂದು ಸುತ್ತು ಕೆಂಪು ದಾರ ಹಾಕಿಡು."

"ಎದುರಿಗೆ ಕೂತು ಕಾಯೋಳು ನಾನೇ ಅಲ್ವಾ ಮಾವ."

"ಕಾಯಿ. ಇನ್ನೇನು ಮಾಡ್ತೀಯ."

ಅವಳಿಗೆ ಅಳುವೂ ಬಂತು, ಮೇಜಿನ ಕೆಳಗೆ ಮಡಚಿಕೊಳ್ಳುವ ಕಾಲ ಬೆರಳುಗಳೂ ನೆನಪಾದವು. ಸಂಜೆಯೊಳಗೆ ಮೂರು ಮುಗಿಸಬೇಕಿದ್ದ ದಿನದಲ್ಲಿ ಒಂದೂ ಮುಗಿದಿರಲಿಲ್ಲ. ತಟ್ಟೆ ಹತ್ತಿರ ಎಳೆದುಕೊಂಡಳು. ಗಂಡ ಮೂವರಿಗೂ ಬಡಿಸಿ, ಅಪ್ಪ ಕೇಳುವ ಮುಂಚೆ ಹೇಳಿಬಿಡೋಣ ಎಂದು ತಾನೇ ಒಂದು ತುತ್ತು ಬಾಯಿಗಿಟ್ಟುಕೊಂಡ.

ಮಾವ ಅವನ ಕಡೆ ನೋಡಲಿಲ್ಲ. ಕಲಸಿ, ಒಂದು ತುತ್ತು ತಿಂದು, ನಿಧಾನವಾಗಿ ನುಂಗಿದರು. ಆಮೇಲೆ ಕೈ ಚಾಚಿ ಉಪ್ಪಿನ ಡಬ್ಬಿ ಎಳೆದುಕೊಂಡು, ಒಂದು ಚಿಟಿಕೆ ತಮ್ಮ ತಟ್ಟೆಗೆ ಹಾಕಿದರು. ಡಬ್ಬಿ ಮುಚ್ಚುವ ಮುನ್ನ ಇನ್ನೊಂದು ಚಿಟಿಕೆ ತೆಗೆದು, ಅವಳು ಇನ್ನೂ ಬಾಯಿಗಿಡದ ಅನ್ನದ ಮೇಲೆ ಉದುರಿಸಿದರು.